ಬೊಮ್ಮಾಚಾರಿಯ ಅಕ್ಷರದ ಬಿಲ್ಲೆಗಳು

ಬಹಳ ಹಿಂದೆ, ಕಾಗೆಗೆ ಇನ್ನೂ ಕಪ್ಪು ಹತ್ತದಿದ್ದ ಕಾಲದಲ್ಲಿ, ಚಂದನಾವತಿ ಎಂಬ ರಾಜ್ಯವಿತ್ತು. ಅಲ್ಲಿ ಬೊಮ್ಮಾಚಾರಿ ಎಂಬವನಿದ್ದ. ಮನೆಗಳ ನಕ್ಷೆ ಬರೆಯುವುದು ಅವನ ಕಸುಬು. ಅವನದು ಮಾತು ಕಡಿಮೆ. ಆ ಕೊರತೆಯನ್ನು ಹೆಂಡತಿ ಕಾಳಮ್ಮ ಬಡ್ಡಿ ಸಮೇತ ತುಂಬಿಕೊಡುತ್ತಿದ್ದಳು.

ಒಂದು ದಿನ ದುರ್ಮುಖನೆಂಬ ಮಾಂತ್ರಿಕ ಬಂದ. "ನನಗೊಂದು ಅರಮನೆಯ ನಕ್ಷೆ ಬೇಕು. ಅದಕ್ಕೆ ಬಾಗಿಲಿರಬಾರದು, ಕಿಟಕಿಯೂ ಇರಬಾರದು" ಎಂದ.

ಆಚಾರಿ ಬಾಯಿ ತೆರೆಯುವ ಮೊದಲೇ ಕಾಳಮ್ಮ ಅಂದಳು: "ಬಾಗಿಲಿಲ್ಲದ್ದನ್ನ ನಾವು ಗೋರಿ ಅಂತೀವಿ ಸ್ವಾಮಿ. ಅದಕ್ಕೆ ಇಷ್ಟು ಅವಸರ ಯಾಕೆ?"

ಮಾಂತ್ರಿಕನ ಕಣ್ಣು ಕೆಂಡವಾಯಿತು. ಜೋಳಿಗೆಯಿಂದ ಸೋರೆಬುರುಡೆ ತೆಗೆದು ಮುಚ್ಚಳ ಬಿಚ್ಚಿದ. ಕಾಳಮ್ಮನ ಮಾತೆಲ್ಲ ಜೇನ್ನೊಣಗಳ ಹಾಗೆ ಗುಯ್‌ಗುಟ್ಟುತ್ತ ಬುರುಡೆಯೊಳಗೆ ಹೋಯಿತು. "ಆಟದಲ್ಲಿ ನನ್ನನ್ನು ಸೋಲಿಸಿದರೆ ಇದು ನಿಮ್ಮದು. ಚದುರಂಗ, ಪಗಡೆ, ಚೌಕಾಬಾರ, ಇರುವ ಆಟವೆಲ್ಲ ನನಗೆ ಬರುತ್ತದೆ. ಇಲ್ಲದ ಆಟ ತನ್ನಿ. ಮೂರು ಹುಣ್ಣಿಮೆ, ಮೂರು ಅವಕಾಶ" ಎಂದು ಹೇಳಿ ಹದ್ದಾಗಿ ಹಾರಿಹೋದ.

ಮಾಂತ್ರಿಕನಿಗೆ ಹೆದರಿ ಊರವರು ಆಚಾರಿಗೆ ಕೆಲಸ ಕೊಡುವುದನ್ನು ಬಿಟ್ಟರು. ಮನೆ ಬಿಕೋ ಎನ್ನತೊಡಗಿತು. ಹೆಂಡತಿ ಮಾತಾಡುವಾಗ 'ಹೂಂ' ಅನ್ನಲೂ ಸೋಮಾರಿಯಾಗಿದ್ದ ಗಂಡ ಈಗ ಅಡುಗೆಮನೆ ಬಾಗಿಲಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದ. ಪಾತ್ರೆಗಳ ಸದ್ದಷ್ಟೇ ಕೇಳುತ್ತಿತ್ತು. ಅವನಿಗೆ ಅಳು ಬರುತ್ತಿತ್ತು.

ಕೆಲಸವಿಲ್ಲದ ಕೈ ಸುಮ್ಮನಿರುವುದಿಲ್ಲ. ಅವನು ಹಲಗೆ ಕೊಯ್ದು ಚೌಕದ ಬಿಲ್ಲೆಗಳನ್ನು ಮಾಡಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಕೆತ್ತಿದ. ಯಾವ ಅಕ್ಷರಕ್ಕೆ ಎಷ್ಟು ಬಿಲ್ಲೆ? ಕೋಟೆ ಬಾಗಿಲಿಗೆ ಹೋಗಿ ರಾಜಾಜ್ಞೆಗಳಲ್ಲಿದ್ದ ಅಕ್ಷರಗಳನ್ನೆಲ್ಲ ಎಣಿಸಿದ. ಮೇಲಿಂದ ಮೇಲೆ ಬರುವ ಅಕ್ಷರಕ್ಕೆ ಬಿಲ್ಲೆ ಹೆಚ್ಚು, ಅಂಕ ಕಡಿಮೆ. ಅಪರೂಪದ್ದಕ್ಕೆ ಒಂದೇ ಬಿಲ್ಲೆ, ಅಂಕ ಹೆಚ್ಚು. ಚೀಲಕ್ಕೆ ಕೈಹಾಕಿ ಏಳೇಳು ತೆಗೆದು ಪದ ಕಟ್ಟಬೇಕು. ಸರಿಹೋಗುತ್ತದೋ ಎಂದು ದಿನಾ ಸಂಜೆ ಕಾಳಮ್ಮನ ಜೊತೆ ಆಡಿ ನೋಡಿದ.

ಮೊದಲ ಹುಣ್ಣಿಮೆ ಬಂತು. ಮಾಂತ್ರಿಕನ ಗವಿಯ ಮುಂದೆ ಏಳು ಹೆಡೆಯ ಸರ್ಪವಿತ್ತು. ಅದೇ ಆಟದ ನ್ಯಾಯಾಧಿಪತಿ. ಲೋಕದಲ್ಲಿ ಯಾರಾದರೂ ಒಮ್ಮೆ ಆಡಿದ ಮಾತಾದರೆ ಅದು ತಲೆದೂಗುತ್ತಿತ್ತು. ಬಿಲ್ಲೆಗಳಿಂದ ಹೊರಟದ್ದು ದಂಡ, ಸೆರೆ, ಅಪ್ಪಣೆ. ದುರ್ಮುಖನಿಗೆ ಅವೆಲ್ಲ ತವರುಮನೆ ಮಾತುಗಳು. ಆಚಾರಿ ಸೋತ.

ಎರಡನೆಯ ಸಲ ಮಠದ ತಾಳೆಗರಿಗಳ ಅಕ್ಷರ ಎಣಿಸಿ ಬಿಲ್ಲೆ ಮಾಡಿದ. ಹೊರಟದ್ದು ಮಂತ್ರ, ತಂತ್ರ, ಯಂತ್ರ. ಮಾಂತ್ರಿಕ ಕಣ್ಣು ಮುಚ್ಚಿಕೊಂಡೇ ಗೆದ್ದ.

ಆಚಾರಿ ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕುಳಿತ. ಕಾಳಮ್ಮ ಅಂಬಲಿ ತಂದಿಟ್ಟಳು. ಅವನು ಮುಟ್ಟಲಿಲ್ಲ. 'ಉಣ್ಣಿ' ಎಂದು ಜೋಡಿಸಲು ಅವಳು ಚೀಲಕ್ಕೆ ಕೈಹಾಕಿದಳು. ಹುಡುಕಿದಳು, ಹುಡುಕಿದಳು, ಅಷ್ಟು ದೊಡ್ಡ ಚೀಲದಲ್ಲಿ 'ಣ್ಣಿ' ಎಂಬ ಅಕ್ಷರವೇ ಇರಲಿಲ್ಲ. ಆಚಾರಿ ಅದನ್ನು ನೋಡಿದ. ಗಟಗಟನೆ ಅಂಬಲಿ ಕುಡಿದು ಎದ್ದು ಹೊರಟ.

"ನಮ್ಮ ಕಾಳಿ ನಿಮ್ಮ ಹತ್ರ ಏನೇನು ಮಾತಾಡಿದ್ಲು, ನೆನಪಿದ್ದಷ್ಟು ಹೇಳಿ" ಎಂದು ಮನೆಮನೆ ತಿರುಗಿದ.

ಸೂಲಗಿತ್ತಿ ಗಂಗಜ್ಜಿ ಹೇಳಿದಳು: "ನನ್ನ ಮಗಳ ಹೆರಿಗೇಲಿ ಕೈ ಹಿಡಕೊಂಡು, 'ಇನ್ನೇನು ಆಯ್ತು ಕಣವ್ವ, ಇನ್ನೇನು ಆಯ್ತು' ಅಂತಿದ್ಲಪ್ಪ."

ಗಾಣಿಗರ ಮಾದಯ್ಯ ಹೇಳಿದ: "ನಾನು ಎಣ್ಣೆ ಅಳೆದಿದ್ದು ನೋಡಿ, 'ನಿನ್ನ ಎತ್ತಿಗಿರೋ ನಿಯತ್ತು ನಿನಗಿಲ್ವಲ್ಲೋ' ಅಂದಿದ್ರು. ಆವತ್ತು ಸಿಟ್ಟು ಬಂದಿತ್ತು ಆಚಾರ್ರೇ. ಈಗ ಬೈಯೋರೂ ಇಲ್ಲ."

ಎಲ್ಲವನ್ನೂ ಬರೆದುಕೊಂಡು ಆಚಾರಿ ಅಕ್ಷರ ಎಣಿಸಿದ. ಒಂದು ಬಿಲ್ಲೆಯನ್ನು ಮಾತ್ರ ಏನೂ ಕೆತ್ತದೆ ಖಾಲಿ ಬಿಟ್ಟ. ಅದನ್ನು ಯಾವ ಅಕ್ಷರವೆಂದು ಬೇಕಾದರೂ ಇಡಬಹುದು. ಯಾರೂ ಇಲ್ಲದಾಗ ಕಾಳಮ್ಮ ಅವನನ್ನು ಕರೆಯುತ್ತಿದ್ದ ಒಂದು ಹೆಸರಿತ್ತು. ಅದು ಊರಿಗೆ ಗೊತ್ತಿರಲಿಲ್ಲ, ಬರೆಯಲು ಅವನಿಗೆ ನಾಚಿಕೆ. ಆಮೇಲೆ ತನ್ನ ಬೀದಿಯನ್ನು ನೋಡಿದ. ಒಂದು ಮನೆಯ ಗೋಡೆಯೇ ಪಕ್ಕದ ಮನೆಗೂ ಗೋಡೆ. ಹಾಗೆಯೇ ಆಟಕ್ಕೊಂದು ಹಾಸು ಬರೆದು ಚೌಕ ಹೊಡೆದು ನಿಯಮವಿಟ್ಟ: ಹೊಸ ಪದ ಹಳೆಯ ಪದವನ್ನು ಮುಟ್ಟಿಕೊಂಡೇ ಕೂರಬೇಕು.

ಮೂರನೆಯ ಹುಣ್ಣಿಮೆಗೆ ಅವನು ಚೀಲ ಎತ್ತಿಕೊಂಡ. ಕಾಳಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಮುಂದೆ ನಡೆದಳು.

ಗವಿಯ ಮುಂದೆ ಹಾಸು ಹರಡಿ ಅವಳು 'ಮನೆ' ಎಂದಿಟ್ಟಳು. ಮಾಂತ್ರಿಕ ದೂರದ ಮೂಲೆಯಲ್ಲಿ ತನ್ನದೊಂದು ಪದ ಇಟ್ಟ. ಸರ್ಪ ಬುಸ್ಸೆಂದಿತು. "ಇನ್ನೊಬ್ಬರ ಮಾತಿಗೆ ಆತುಕೊಂಡು ನಾನು ನಿಲ್ಲಬೇಕೇ?" ಎಂದು ಅವನು ಬಿಲ್ಲೆಗಳನ್ನು ಹಿಂತೆಗೆದು ಸುಮ್ಮನೆ ಕುಳಿತ. 'ಮನೆ'ಯ ತುದಿ ಹಿಡಿದು ಅವಳು 'ನೆನಪು' ಇಳಿಸಿದಳು. ಅದರ ತುದಿ ಹಿಡಿದು 'ಪುಟಾಣಿ' ಇಟ್ಟಳು. ಮಾಂತ್ರಿಕನ ಏಳು ಬಿಲ್ಲೆ ಕೈಯಲ್ಲೇ ಉಳಿದವು. ಅವಳು ಬಿಲ್ಲೆ ತೆಗೆತೆಗೆದು ಪದ ಕಟ್ಟುತ್ತ ಹೋದಂತೆ ಚೀಲ ಬರಿದಾಯಿತು. ಕೊನೆಗೆ ಅವಳಲ್ಲಿದ್ದದ್ದು ಎರಡು ಬಿಲ್ಲೆ ಮತ್ತು ಆ ಖಾಲಿ ಬಿಲ್ಲೆ. ಗಂಡನ ಮುಖವನ್ನೊಮ್ಮೆ ನೋಡಿ ಮೂರನ್ನೂ ಜೋಡಿಸಿದಳು. ಸರ್ಪದ ಏಳೂ ಹೆಡೆ ತೂಗಿದವು. ಪದ ಯಾವುದೆಂದು ನನ್ನನ್ನು ಕೇಳಬೇಡಿ. ಆಚಾರಿ ಓಡಿಬಂದು ಕೈಯಿಂದ ಮುಚ್ಚಿಬಿಟ್ಟ.

ಬುರುಡೆ ಒಡೆಯಿತು. ದುರ್ಮುಖನ ಮಂತ್ರವೆಲ್ಲ ಇಳಿದುಹೋಗಿ, ಏಳು ಬಿಲ್ಲೆ ಹಿಡಿದ ಬರೀ ಮುದುಕನೊಬ್ಬ ಕುಳಿತಿದ್ದ. ಮಾತು ಮರಳಿದ ಕಾಳಮ್ಮ ಗಂಟಲು ಸರಿಮಾಡಿಕೊಂಡಳು.

"ಏನ್ರೀ, ಮೂರು ತಿಂಗಳಿಂದ ದಿನಾ ಸಂಜೆ ನಿಮ್ಮನ್ನ ಸೋಲಿಸ್ತಾ ಇದ್ದೀನಿ. ಎರಡು ಸಲ ನೀವೇ ಹೋದ್ರಲ್ಲ, ನನ್ನನ್ನ ಕಳಿಸೋಣ ಅಂತ ಅನ್ನಿಸಲೇ ಇಲ್ವಾ?"

"ಹೂಂ" ಎಂದ ಆಚಾರಿ. ಅವನ ಕಣ್ಣು ತುಂಬಿತ್ತು.

ಆ ಆಟವನ್ನು ಮೊದಲು ಯಾವ ಆಟಿಕೆ ಅಂಗಡಿಯವರೂ ತೆಗೆದುಕೊಳ್ಳಲಿಲ್ಲ. ಎಷ್ಟೋ ವರ್ಷದ ಮೇಲೆ ರಾಜ ಪ್ರಯಾಣದಲ್ಲಿ ಒಂದು ಛತ್ರದ ಜಗಲಿಯಲ್ಲಿ ಅದನ್ನು ಕಂಡು, "ಇದು ನಮ್ಮ ಪೇಟೆಯಲ್ಲಿ ಏಕಿಲ್ಲ?" ಎಂದು ಕೇಳಿದ. ಆಮೇಲೆ ಅದಿಲ್ಲದ ಮನೆಯಿರಲಿಲ್ಲ. ಮುದುಕ ದುರ್ಮುಖನೂ ಸಂಜೆ ಕಾಳಮ್ಮನ ಜಗಲಿಗೆ ಬಂದು ಸೋತು, ಅಂಬಲಿ ಕುಡಿದು ಹೋಗುತ್ತಿದ್ದ. ಎಲ್ಲರೂ ಚೆನ್ನಾಗಿದ್ದರು.

ಇಂದಿಗೂ ಆ ಆಟದ ಚೀಲದಲ್ಲಿ ಖಾಲಿ ಬಿಲ್ಲೆ ಇರುತ್ತದೆ. ಏಕೆಂದು ಆಡುವವರಿಗೆ ಗೊತ್ತಿಲ್ಲ. ನಿಮಗೆ ಗೊತ್ತಾಯಿತಲ್ಲ.