ಓರೆ ಬಾಗಿಲಿನ ಮಗಳು

“ಅಳಿಯಂದ್ರೇ, ಆ ಬಾಗಿಲ ತಂಟೆಗೆ ಹೋಗ್ಬೇಡಿ. ಅದು ಪೂರ್ತಿ ಮುಚ್ಚಿದ ದಿನ ನನ್ನ ಮಗಳ ಕಣ್ಣೂ ಮುಚ್ಚಲಿ ಅಂತ ನನ್ನ ಸವತಿ ಸಾಯೋ ಮುಂಚೆ ಮಾಟ ಮಾಡಿಟ್ಟಿದ್ದಾಳೆ.”

ಅಳಿಯನಿಗೆ ನಗು ತಡೆಯಲಾಗಲಿಲ್ಲ. ಮದುವೆಯಾಗಿ ಮೊದಲ ಸಲ ಹೆಂಡತಿಯ ಮನೆಗೆ ಬಂದವನು. ಕಂಡಕಂಡದ್ದನ್ನೆಲ್ಲ ರಿಪೇರಿ ಮಾಡುವ ಚಟ ಬೇರೆ. ನಡುಮನೆಯಿಂದ ಕತ್ತಲೆ ಕೋಣೆಗೆ ಹೋಗುವ ಆ ಬಾಗಿಲು ಮೇಲಿನ ಕೀಲಿನಲ್ಲಿ ಜೋತುಬಿದ್ದು, ನೆಲ ಕೆರೆಯುತ್ತ ಅರ್ಧಕ್ಕೇ ನಿಲ್ಲುತ್ತಿತ್ತು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸ್ಕ್ರೂ ಸಡಿಲ ಆದ್ರೆ ಅದಕ್ಕೂ ಮಾಟಾನಾ ಅತ್ತೆ?”

ಅತ್ತೆ ಬಟ್ಟೆ ಹರವಲು ಮಹಡಿ ಹತ್ತಿದ್ದೇ ತಡ, ಅವನು ಬಾಗಿಲಡಿಗೆ ಮರದ ಬೆಣೆ ತೂರಿಸಿ ಎತ್ತಿದ. ಕೋಣೆಯೊಳಗಿಂದ ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಬಂತು. ಹೊರಗೆ ಯಾರೋ ಕಸ ಸುಡುತ್ತಿರಬೇಕು ಎಂದುಕೊಂಡ. ಬಾಗಿಲ ಮೈಮೇಲೆ ಪಟ್ಟಿಯಂತೆ ಚಾಚಿದ್ದ ಹಳೆಯ ಕೀಲಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಹೆಂಡತಿ ಓಡಿ ಬಂದಳು. ಬುದ್ಧಿ ತಿಳಿದಾಗಿನಿಂದ ಕುಂಟುತ್ತಿದ್ದವಳು ಓಡಿ ಬಂದಳು!

“ರೀ, ಕಾಲು ನೋಡ್ರೀ! ನೆಟ್ಟಗಾಗಿದೆ!” ಅತ್ತಳು, ನಕ್ಕಳು, ಗಿರ್ರನೆ ಸುತ್ತು ತಿರುಗಿದಳು. “ಬಾಗಿಲಿಂದಾನೇ ಇರ್ಬೇಕು. ಇನ್ನೊಂಚೂರು ನೋವಿದೆ, ಪೂರ್ತಿ ಮಾಡ್ಬಿಡಿ.”

ಮಾಟವನ್ನು ನಂಬದ ಮಹರಾಯ ಮಾಟದ ಲಾಭವನ್ನು ಮಾತ್ರ ಚಕ್ಕನೆ ನಂಬಿದ.

ಬಾಗಿಲಿನ್ನೂ ಚೌಕಟ್ಟಿಗೆ ತುಸು ಉಜ್ಜುತ್ತಿತ್ತು. ಮರ ಹೆರೆಯುವ ಉಜ್ಜುಗೊರಡು ಹಿಡಿದು ಅಂಚಿನುದ್ದಕ್ಕೂ ಒಮ್ಮೆ ಎಳೆದ. ಸುರುಳಿಯಾಗಿ ಎದ್ದ ಸಿಪ್ಪೆ ಒದ್ದೆಯಾಗಿತ್ತು. ಕೆಂಪಗಿತ್ತು. ಬೆನ್ನ ಹಿಂದೆ ಹೆಂಡತಿ ಚೀರಿದಳು. ಭುಜದಿಂದ ಮೊಣಕೈವರೆಗೆ ಅವಳ ಚರ್ಮ ಹಾಗೆಯೇ ಸುಲಿದು ಜೋಲುತ್ತಿತ್ತು.

ಬೆಣೆ ಜಾರಿತು. ಬಾಗಿಲು ತಾನಾಗಿಯೇ ಮುಚ್ಚತೊಡಗಿತು. ಹೆಗಲು ಕೊಟ್ಟ. ನಿಲ್ಲಲಿಲ್ಲ. ಎಡಗೈಯನ್ನು ಸಂದಿಗೆ ತುರುಕಿದ. ಬೆರಳುಗಳು ಲಟಲಟನೆ ಮುರಿದವು. ರಕ್ತ ಚೌಕಟ್ಟಿನುದ್ದಕ್ಕೂ ಇಳಿಯಿತು. ಹೆಂಡತಿ ನೆಲಕ್ಕುರುಳಿ, ಉಸಿರು ಸಿಗದೆ, ಬಾಯಿ ಬಾಯಿ ಬಿಟ್ಟಳು. ಸಂದಿ ಉಳಿದದ್ದು ಅವನ ಜಜ್ಜಿದ ಬೆರಳಿನಷ್ಟು. ಅವಳ ಉಸಿರೂ ಅಷ್ಟೇ.

ಚೀರಾಟ ಕೇಳಿ ಓಡಿ ಬಂದ ಅತ್ತೆ, ಕೆಳಗೆ ಬಿದ್ದಿದ್ದ ಸ್ಕ್ರೂಡ್ರೈವರನ್ನು ಅವನ ಬಲಗೈಗೆ ತುರುಕಿದರು.

“ಸಡಿಲ ಮಾಡಿ! ಅವಳು ತೊಟ್ಟಿಲ ಕೂಸಾಗಿದ್ದಾಗ ಈ ಸ್ಕ್ರೂ ಸಡಿಲ ಮಾಡಿದವಳು ನಾನೇ. ಕುಂಟಿಯಾದ್ರೂ ಬದುಕ್ಲಿ ಅಂತ! ಇನ್ನೊಂದ್ಸಲ ನನ್ನ ಕೈಲಾಗಲ್ಲ...”

ಮೊದಲ ಸ್ಕ್ರೂ ತಿರುಗಿತು. ಹೆಂಡತಿಯ ಸೊಂಟದಲ್ಲಿ ಮೂಳೆ ಲಟಕ್ಕೆಂದಿತು. ಉಸಿರು ಬಂತು. ಬಂದ ಉಸಿರಿನಲ್ಲೇ ತೆವಳಿಬಂದು ಅವನ ಕಾಲು ಹಿಡಿದಳು.

“ಬೇಡ ರೀ... ನಿಮ್ಮ ದಮ್ಮಯ್ಯ... ಈ ಕಾಲು ನಂಗಿರ್ಲಿ...”

ಅವನು ಅಳುತ್ತಲೇ ಎರಡನೆಯದನ್ನು ತಿರುಗಿಸಿದ. ಅವಳು ಚೀರಿದಳು. ಚೀರಲು ಈಗ ಅವಳಲ್ಲಿ ಉಸಿರಿತ್ತು. ಅವನು ಮೂರನೆಯದಕ್ಕೆ ಕೈ ಹಾಕಿದ.