ಹಲ್ವಾರ್‌ನ ಆರನೇ ಬಿಯರ್

ಹಲ್ವಾರ್ ಅಂಗಳದಲ್ಲಿ ಕಲ್ಲು ಕಾಯಿಸುತ್ತಿದ್ದ.

ಸಾವಿರ ವರ್ಷದ ಹಿಂದಿನ ಬಿಯರ್ ಮಾಡುವವರಿಗೆ ಒಲೆ, ಪಾತ್ರೆ, ಬುದ್ಧಿ ಮೂರೂ ನಿಷಿದ್ಧ. ಬೆಂಕಿಯಲ್ಲಿ ಕೆಂಪಗಾದ ಕಲ್ಲನ್ನು ಮರದ ತೊಟ್ಟಿಯ ನೀರಿಗೆ ಹಾಕಿ, ಅದು ಕುದಿಯುವುದನ್ನು ಭಕ್ತಿಯಿಂದ ನೋಡಬೇಕು. ಇದಕ್ಕೆಂದೇ ಅವನು ಒರಟು ಉಣ್ಣೆಯ ನಿಲುವಂಗಿ ಹೊಲಿಸಿಕೊಂಡಿದ್ದ. ಕೆಳಗೆ ಜೀನ್ಸ್. ಸೊಂಟಕ್ಕೆ ಥರ್ಮಾಮೀಟರ್.

ಬೇಲಿಯ ಆಚೆ ನಿಂತು ನೋಡಿದೆ. ತಿರುಗಿ ಮನೆಗೆ ಹೋಗಬೇಕೆನಿಸಿತು. ಆದರೆ ಅಪ್ಪನ ಹೆಪ್ಪು ಸತ್ತಿತ್ತು. ಮುತ್ತಜ್ಜನಿಂದ ಅಜ್ಜನಿಗೆ, ಅಜ್ಜನಿಂದ ಅಪ್ಪನಿಗೆ ಬಂದ, ನಮ್ಮ ಬಿಯರಿಗೆ ಜೀವ ಕೊಡುವ ಹೆಪ್ಪು. ಇಡೀ ವೊಸ್ ಕಣಿವೆಯಲ್ಲಿ ಅದರ ಇನ್ನೊಂದು ಚೂರು ಉಳಿದಿದ್ದರೆ, ಅದು ಈ ಮೂರ್ಖನ ಹತ್ತಿರ.

ಅಪ್ಪನೇ ಕೊಟ್ಟಿದ್ದು. ಬೆರ್ಗೆನ್ ಪಟ್ಟಣದ ಮ್ಯೂಸಿಯಮ್ಮಿನಿಂದ ಬಂದು, ಪಕ್ಕದ ಹಳೇ ಮನೆ ಕೊಂಡು, ಸಾವಿರ ವರ್ಷದ ಗೋರಿಯಲ್ಲಿ ಸಿಕ್ಕ ಕುಡಿಕೆಯ ತಳದ ಕೊಳೆ ನೋಡಿ ಬಿಯರ್ ಮಾಡುತ್ತೇನೆಂದವನಿಗೆ. "ಅವನಿಗೆ ಏನೂ ಬರಲ್ಲ ಕಣೇ. ಆದ್ರೆ ಬಿಡೋನಲ್ಲ," ಎಂದು ಮೆಚ್ಚಿಕೊಂಡೇ ಹೇಳಿದ್ದ.

ಅಪ್ಪ ತೀರಿಕೊಂಡ ದಿನ ಹಲ್ವಾರ್ ತನ್ನ ಬಿಯರಿನ ಕೊಡ ಹೊತ್ತು ತಂದ. ಒದ್ದೆ ಹಗ್ಗದ ರುಚಿ. ಎಲ್ಲರೆದುರು ನಾನದನ್ನು ಹಿಮದ ಮೇಲೆ ಚೆಲ್ಲಿದೆ. ಅವನು ರೆಪ್ಪೆಯ ಮೇಲೆ ಕೂತ ಹಿಮದ ಚೂರೊಂದು ಕರಗುವಷ್ಟು ಹೊತ್ತು ನನ್ನನ್ನು ನೋಡಿದ, ಅಷ್ಟೆ. ಎರಡು ವರ್ಷದಿಂದ ಆ ನೋಟವನ್ನು ನಾನು ತಿರಸ್ಕರಿಸುತ್ತ ಬಂದಿದ್ದೇನೆ. ದಿನಕ್ಕೆರಡು ಸಲ.

"ಎಲ್ಲಿಯ ಕಲ್ಲು ಅವು?"

ಅವನು ಬೆಚ್ಚಿದ. "ಗುನ್‌ವೋರ್! ಹೊಳೇದು. ನುಣ್ಣಗಿದ್ವು, ಅದಕ್ಕೆ..."

"ಹೊಳೆಕಲ್ಲಿನ ಒಳಗೆ ನೀರಿರುತ್ತೆ ಮಾರಾಯ. ಈಚೆ ಬಾ."

ಬರುವಷ್ಟರಲ್ಲಿ ಒಂದು ಕಲ್ಲು ಪಟಾರನೆ ಸಿಡಿಯಿತು. ಚೂರು ಅವನ ಟೋಪಿಯನ್ನು ಹಾರಿಸಿಕೊಂಡು ಹೋಯಿತು.

"ನಿನ್ನ ವೈಕಿಂಗರು ಯುದ್ಧದಲ್ಲಿ ಸತ್ತಿದ್ದಲ್ಲ, ಹೀಗೆ ಬಿಯರ್ ಮಾಡೋಕ್ಹೋಗಿ ಸತ್ತಿದ್ದು."

"ಬರ್ಕೋತೀನಿ," ಎಂದ. ನಿಜವಾಗಿಯೂ ಪುಸ್ತಕ ತೆಗೆದು ಬರೆದುಕೊಂಡ. "ಏನಾದ್ರೂ ಬೇಕಿತ್ತಾ?"

"ಏನಿಲ್ಲ. ಈ ಕಡೆ ಬಂದಿದ್ದೆ."

"ಈ ಕಡೆ ಏನಿದೆ? ನಾನಿದೀನಿ, ಆಮೇಲೆ ಬೆಟ್ಟ."

"ಬೆಟ್ಟ ನೋಡೋಕೆ ಬಂದೆ."

ಅವನ ತುಟಿಯ ಎಡತುದಿ ನಕ್ಕಿತು. ಬಲತುದಿ ಮರ್ಯಾದೆಗೆ ತಡೆದುಕೊಂಡಿತು. ಅಂಥ ಅರ್ಧ ನಗುವಿಗಿಂತ ಹೇಸಿಗೆಯದು ಇನ್ನೊಂದಿಲ್ಲ. ನನ್ನ ಕಿವಿ ಬಿಸಿಯಾಯಿತು.

ನಮ್ಮಲ್ಲಿ ಹೆಪ್ಪು ಕೇಳಿದವರಿಗೆ ಇಲ್ಲವೆನ್ನುವ ಹಾಗಿಲ್ಲ, ಹಗೆಯಾದರೂ ಕೊಡಬೇಕು. ಆದರೆ ಕೇಳುವವರು ತಮ್ಮದು ಹೇಗೆ ಹೋಯಿತೆಂದು ಬಾಯಿಬಿಟ್ಟು ಹೇಳಬೇಕು. ನಾನು ಬೆಟ್ಟಕ್ಕೆ ಹೇಳಿದೆ.

"ನಮ್ಮನೆ ಹೆಪ್ಪು ಹೋಯ್ತು."

"ಹುಳಿ ಆಯ್ತಾ?"

"ಸತ್ತೋಯ್ತು. ಅಪ್ಪ ಹೋದ್ಮೇಲೆ ನಾನು ಬಿಯರ್ ಮಾಡ್ಲೇ ಇಲ್ಲ. ಗಾಜಿನ ಜಾಡೀಲಿ ಹಾಕಿ, ಫೋಟೋ ಪಕ್ಕ ಇಟ್ಟು, ಮುಂದೆ ಮೇಣದಬತ್ತಿ ಹಚ್ತಿದ್ದೆ. ನಿನ್ನೆ ತೆಗೆದು ಬಾರ್ಲಿ ರಸಕ್ಕೆ ಹಾಕಿದ್ರೆ ಒಂದು ಗುಳ್ಳೆನೂ ಬರ್ಲಿಲ್ಲ."

ನಗುತ್ತಾನೆಂದು ಕಾದೆ. ನಕ್ಕಿದ್ದರೆ ಅನುಕೂಲವಾಗುತ್ತಿತ್ತು. ಅವನು ಒಳಗೆ ಹೋಗಿ ಮರದ ಕೊಂಡಿಗಳ ಸರವೊಂದನ್ನು ತಂದ. ಕೊಂಡಿಗಳ ಸಂದಿಯಲ್ಲೆಲ್ಲ ಹೆಪ್ಪು ಒಣಗಿ ಕಂದು ಹಕ್ಕಳೆಯಾಗಿ ಅಂಟಿತ್ತು.

"ನಿಮ್ಮಪ್ಪಂದೇ. ಐದು ಸಲ ಬಿಯರ್ ಮಾಡ್ದೆ. ಐದೂ ಸಲ ಮೇಲಿನ ಹೆಪ್ಪಿನ ನೊರೆ ತೆಗೆದು ಇದಕ್ಕೆ ಬಳಿದು ಒಣಗಿಸ್ದೆ."

"ಬಿಯರ್ ಹೇಗಿತ್ತು?"

"ಕುಡಿಯೋಕಾಗಲ್ಲ."

"ಐದೂ?"

"ನಾಲ್ಕನೇದನ್ನ ಹಂದಿನೂ ಮೂಸ್ಲಿಲ್ಲ."

ಕೆಟ್ಟ ಬಿಯರನ್ನು ಬಿಡದೆ ಮಾಡುತ್ತ ಹೋದವನ ಕೈಯಲ್ಲಿ ಅಪ್ಪನ ಹೆಪ್ಪು ಬದುಕಿತ್ತು. ಒಳ್ಳೆಯ ಬಿಯರ್ ಬಲ್ಲ ನಾನು ಅದನ್ನು ಪೂಜೆ ಮಾಡಿ ಕೊಂದಿದ್ದೆ. ಅವನ ಮೇಲೆ ಸುರಿಯಲೆಂದು ಎರಡು ವರ್ಷ ಕೂಡಿಟ್ಟ ತಿರಸ್ಕಾರ ನನ್ನ ಅಳತೆಗೇ ಸರಿಯಾಗಿತ್ತು.

"ತಗೊಂಡ್ಹೋಗು," ಎಂದು ಇಡೀ ಸರ ನನ್ನ ಕೈಗಿಟ್ಟ.

"ಪೂರ್ತಿನಾ? ಇವತ್ತಿನ ಬಿಯರಿಗೆ ನೀನೇನು ಹಾಕ್ತೀಯ?"

"ಅಂಗಡಿ ಪೊಟ್ಟಣ."

ಬಂದ ಕೆಲಸ ಮುಗಿದಿತ್ತು. ಹೊರಡಬಹುದಿತ್ತು. ಬೆಳಿಗ್ಗೆ ಮೊದಲ ಸುತ್ತಿನ ಕಲ್ಲಿನಲ್ಲಿ ಕಾಯಿಸಿ ಬಸಿದ ಬಾರ್ಲಿ ರಸ ಪಕ್ಕದ ಪೀಪಾಯಿಯಲ್ಲಿ ಆರುತ್ತಿತ್ತು. ಅದರಿಂದ ಎದ್ದ ಆವಿಯಲ್ಲಿ ಘಮಕ್ಕೆಂದು ಹಾಕಿದ ಜೂನಿಪರ್ ಗಿಡದ ಕೊಂಬೆಯ ವಾಸನೆ.

"ಇದಕ್ಕೆ ಹೆಪ್ಪು ಯಾವಾಗ ಹಾಕೋದು?"

"ಇಪ್ಪತ್ತು ಡಿಗ್ರಿಗೆ ಇಳಿದ್ಮೇಲೆ. ಪುಸ್ತಕದಲ್ಲಿ..."

"ನಿನ್ನ ಪುಸ್ತಕಕ್ಕಿಷ್ಟು ಬೆಂಕಿ ಹಾಕ! ಐದು ಸಲಾನೂ ಹಾಗೇ ಮಾಡಿದ್ಯಾ? ಪಾಪ, ಚಳೀಲಿ ನಡುಗಿ ಮಲಗಿರುತ್ತೆ ಅದು. ಕೈ ಕೊಡು."

ಅವನ ಮಣಿಕಟ್ಟು ಹಿಡಿದು ಬೆರಳುಗಳನ್ನು ರಸದಲ್ಲಿ ಅದ್ದಿದೆ. ನಾಡಿ ನನ್ನ ಹೆಬ್ಬೆರಳಿನ ಕೆಳಗೆ ಓಡುತ್ತಿತ್ತು.

"ಕರು ಕುಡಿಯೋ ಹಾಲಿನ ಬಿಸಿ. ಇಷ್ಟೇ. ನೆನಪಿಟ್ಕೋ."

"ಸರಿಯಾಗಿ ಗೊತ್ತಾಗ್ಲಿಲ್ಲ," ಎಂದ, ರಸ ಬಿಟ್ಟು ನನ್ನನ್ನು ನೋಡುತ್ತ. "ಇನ್ನೊಂದ್ಸಲ ತೋರ್ಸು."

ಸುಳ್ಳುಗಾರ. ಇನ್ನೊಂದು ಸಲ ತೋರಿಸಿದೆ.

ಸರದಿಂದ ಒಂದು ಹಿಡಿ ಹಕ್ಕಳೆ ಉದುರಿಸಿಕೊಂಡೆ. "ಹಾಕುವಾಗ ಕೂಗ್ಬೇಕು. ಕೂಗು ಜೋರಾಗಿದ್ದಷ್ಟೂ ಬಿಯರ್ ಖಡಕ್."

"ಏನಂತ?"

"ಏನಾದ್ರೂ. ಅಪ್ಪ ಪಾದ್ರಿಗೆ ಬಯ್ತಿದ್ದ."

ನಾನು ಹೆಪ್ಪು ಉದುರಿಸಿದೆ. ಹಲ್ವಾರ್ ಪೀಪಾಯಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಎದೆ ಬಿರಿಯುವಂತೆ ಕೂಗಿದ.

"ಗುನ್‌ವೋರ್ ಅಂದ್ರೆ ನಂಗೆ ತುಂಬಾ ಇಷ್ಟ!"

ಹೊಳೆಯ ಎದುರು ದಂಡೆಯ ನಾಯಿ ಬೊಗಳಿತು. ಯಾರದೋ ಟ್ರ್ಯಾಕ್ಟರ್ ನಿಂತಿತು. ಅವನು ತಲೆಯೆತ್ತಲಿಲ್ಲ, ಆವಿಯಲ್ಲೇ ಮುಖ ಮರೆಸಿಕೊಂಡು ನಿಂತ.

"ದನಿ ಸಾಲ್ದು," ಎಂದೆ. ಸರದಿಂದ ಇನ್ನೊಂದು ಹಿಡಿ ಉದುರಿಸಿಕೊಂಡೆ.

ಮೂರನೆಯ ದಿನ ಪದ್ಧತಿಯಂತೆ ಅಕ್ಕಪಕ್ಕದವರು ರುಚಿ ನೋಡಲು ಬಂದರು. ಟ್ರ್ಯಾಕ್ಟರಿನವನು ಎಲ್ಲರಿಗಿಂತ ಮೊದಲು. ಮೊದಲ ಬಟ್ಟಲನ್ನು ಹಲ್ವಾರ್ ನನಗೆ ಕೊಟ್ಟ. ಸಾವಿರ ವರ್ಷದ ಹಿಂದೆ ಯಾರಾದರೂ ಇಂಥದ್ದನ್ನು ಕುಡಿದಿದ್ದರೋ ಇಲ್ಲವೋ, ನನಗೇನು ಗೊತ್ತು. ಹೊಗೆ, ಜೇನು, ಆಮೇಲೆ ಕಿತ್ತಳೆ ಸಿಪ್ಪೆಯ ಒಂದು ಎಳೆ. ಅಪ್ಪನದೇ.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಪೂರ್ತಿ ಕುಡಿದೆ.

"ಪರವಾಗಿಲ್ಲ," ಎಂದೆ.

ವೊಸ್‌ನಲ್ಲಿ ಹೆಣ್ಣೊಬ್ಬಳು ಗಂಡಿಗೆ ಇದಕ್ಕಿಂತ ಹೆಚ್ಚು ಹೇಳಿದ್ದಿಲ್ಲ. ಬೆರ್ಗೆನ್‌ನವನಿಗೆ ಅದು ಅರ್ಥವಾಗಬಾರದಿತ್ತು. ಆದರೆ ಅವನು ಹೂಜಿಯನ್ನು ನೆಲಕ್ಕಿಟ್ಟ, ಒದ್ದೆ ಕೈಗಳನ್ನು ಆ ದರಿದ್ರ ನಿಲುವಂಗಿಗೆ ಒರೆಸಿಕೊಂಡ, ಮತ್ತು ಊರವರೆಲ್ಲರ ನಡುವೆ ನೇರ ನನ್ನ ಕಡೆ ನಡೆದು ಬಂದ.