ಬೇಕು ಅಂದರೆ ಸಾಕು

"ಅದು ನನ್ನ ರೊಟ್ಟಿ!" ಎಂದು ಅಕ್ಷರಾ ಕೂಗುವಷ್ಟರಲ್ಲಿ ಹೆಂಚಿನಿಂದ ಇಳಿದ ಮೊದಲ ಅಕ್ಕಿರೊಟ್ಟಿ ಮಾರ್ಟಾಳ ತಟ್ಟೆಗೆ ಬಿದ್ದಾಗಿತ್ತು.

ಹಲ್ಲು ಬಂದಾಗಿನಿಂದ ಮೊದಲ ರೊಟ್ಟಿ ಅಕ್ಷರಾಳದ್ದೇ. ಹಾಲಮ್ಮಜ್ಜಿ ಅದನ್ನು ಬೇರೆ ಯಾರಿಗೂ ಕೊಟ್ಟವಳಲ್ಲ. ಈಗ ನೋಡಿ, ಪೋಲೆಂಡಿನಿಂದ ಈ ಮಾರ್ಟಾ ಬಂದಿಳಿದಳು. ಆರು ತಿಂಗಳು ಭದ್ರಾವತಿಯಲ್ಲಿ ಇವರ ಮನೆಯಲ್ಲೇ ಇರುತ್ತಾಳಂತೆ, ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗಿ ಬರುತ್ತಾಳಂತೆ, ಕನ್ನಡ ಕಲಿಯುತ್ತಾಳಂತೆ. ಬಂದ ವಾರದಲ್ಲೇ ಅಕ್ಷರಾಳ ಮಂಚ ಹೋಯಿತು, ಅಜ್ಜಿಯ ಪಕ್ಕದ ಜಾಗ ಹೋಯಿತು. ಈಗ ರೊಟ್ಟಿಯೂ ಹೋಯಿತು.

"ಅಪ್ಪ ಅಮ್ಮನ್ನ ಬಿಟ್ಟು ಬಂದೈತೆ ಪಾಪ ಕೂಸು. ಅಕ್ಕ ಅನ್ನು ಅವಳನ್ನ," ಎಂದಳು ಅಜ್ಜಿ.

ಕೂಸಂತೆ ಕೂಸು! ಬಾಗಿಲಿನಷ್ಟು ಎತ್ತರ ಇದ್ದಾಳೆ. ಅಕ್ಕ ಅನ್ನಬೇಕಂತೆ. ಅಕ್ಷರಾಳಿಗೆ ಮೈಯೆಲ್ಲ ಉರಿಯಿತು.

ಅವತ್ತು ಸಂಜೆ ಮಾರ್ಟಾ ನೋಟ್‌ಬುಕ್ ಹಿಡಿದು ಬಂದು, ಹೊಟ್ಟೆ ತುಂಬಿದಾಗ ಅಜ್ಜಿಗೆ ಏನು ಹೇಳಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಬೇಕು ಅನ್ನು," ಎಂದಳು ಅಕ್ಷರಾ, ಕಣ್ಣು ಕೂಡ ಮಿಟುಕಿಸದೆ.

ಮಾರ್ಟಾ ಬರೆದುಕೊಂಡಳು. ಥ್ಯಾಂಕ್ಸ್ ಬೇರೆ ಹೇಳಿದಳು.

ಮರುದಿನ ಭಾನುವಾರ, ಹೋಳಿಗೆ ಊಟ. ಎರಡು ಹೋಳಿಗೆ ಮುಗಿಸಿ ಮಾರ್ಟಾ "ಬೇಕು" ಎಂದಳು. ಅಜ್ಜಿ ಹಿಗ್ಗಿ ಇನ್ನೊಂದು ಹಾಕಿದಳು. ಮಾರ್ಟಾ ಕೈ ಅಡ್ಡ ಹಿಡಿದು "ಬೇಕು, ಬೇಕು" ಎಂದಳು. ನಾಚಿಕೊಳ್ಳಬೇಡ ಎಂದು ಅಜ್ಜಿ ಮತ್ತೆರಡು ಹಾಕಿ ತುಪ್ಪ ಸುರಿದಳು. ತಟ್ಟೆಯಲ್ಲಿ ಬಿಟ್ಟರೆ ಮನೆಯವರಿಗೆ ಬೇಜಾರಾಗುತ್ತದೆ ಎಂದು ಯಾರೋ ಹೇಳಿ ಕಳಿಸಿದ್ದರೇನೋ, ಅವಳು ಎಲ್ಲವನ್ನೂ ತಿಂದಳು. ಅಕ್ಷರಾ ನಗು ತಡೆಯಲಾರದೆ ನೀರಿನ ಲೋಟ ಬಾಯಿಗಿಟ್ಟುಕೊಂಡಳು.

ಮಧ್ಯಾಹ್ನದಿಂದ ಮಾರ್ಟಾಳಿಗೆ ವಾಂತಿಯೋ ವಾಂತಿ. ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದ ಅಪ್ಪ ಅಜ್ಜಿಯ ಮೇಲೆ ರೇಗಿದರು. ಪರದೇಶದ ಹುಡುಗಿಗೆ ಹೀಗೆ ತುರುಕುತ್ತಾರಾ, ಇಷ್ಟು ವಯಸ್ಸಾದರೂ ಗೊತ್ತಾಗಲ್ವಾ ಎಂದು ಬೈದರು.

"ಅವಳೇ ಬೇಕು ಅಂದ್ಲು ಕಣೋ," ಎಂದಳು ಅಜ್ಜಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಎರಡು ದಿನ ಅಜ್ಜಿ ಒಲೆಯ ಹತ್ತಿರ ಸುಳಿಯಲಿಲ್ಲ. ಅಕ್ಷರಾಳಿಗೆ ಮಾರ್ಟಾಳ ಮೇಲೆ ಸಿಟ್ಟು, ಅಪ್ಪನ ಮೇಲೆ ಸಿಟ್ಟು. ಇಬ್ಬರನ್ನೂ ಮನಸ್ಸಿನಲ್ಲೇ ಬೈದಳು. ಆದರೂ ಯಾಕೋ ಊಟ ಸೇರಲಿಲ್ಲ.

ಬುಧವಾರ ಮಾರ್ಟಾ ಕಾಲೇಜಿನಿಂದ ಬಂದವಳು ಅಕ್ಷರಾಳನ್ನೇ ದಿಟ್ಟಿಸಿದಳು. ಕೈಯಲ್ಲಿದ್ದ ನೋಟ್‌ಬುಕ್ಕಿನಲ್ಲಿ 'ಬೇಕು' ಎಂಬುದರ ಎದುರು ಬರೆದ ಅರ್ಥಕ್ಕೆ ಕೆಂಪು ಗೀಟು ಬಿದ್ದಿತ್ತು. ಮುಗೀತು ನನ್ನ ಕಥೆ ಎಂದುಕೊಂಡಳು ಅಕ್ಷರಾ.

ಸಂಜೆ ಮಾರ್ಟಾಳೇ ಕೈ ಹಿಡಿದು ಕರೆದದ್ದಕ್ಕೆ ಅಜ್ಜಿ ಮತ್ತೆ ಹೆಂಚಿಟ್ಟಳು. ಮಾರ್ಟಾಳಿಗೆ ಒಂದು ರೊಟ್ಟಿ ಹಾಕಿ, ಹೆದರುತ್ತಲೇ ಎರಡನೆಯದನ್ನು ಎತ್ತಿದಳು.

"ಸಾಕು, ಅಜ್ಜಿ," ಎಂದಳು ಮಾರ್ಟಾ.

ಅರೆ, ಯಾರು ಹೇಳಿಕೊಟ್ಟರು ಎಂದು ಅಪ್ಪ ಕೇಳಿದರು.

"ಅಕ್ಷರಾ," ಎಂದಳು ಮಾರ್ಟಾ.

ಅಷ್ಟೇ. ಕೆಂಪು ಗೀಟಿನ ಮಾತೇ ಎತ್ತಲಿಲ್ಲ. ಅಜ್ಜಿ ತನ್ನ ಕಿವಿ ಮುಟ್ಟಿಕೊಂಡಳು.

"ಹಂಗಾದ್ರೆ ಅವತ್ತು ನಂಗೇ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ. ಕಿವಿ ಹೋಗೈತೆ ನಂದು."

ಅಕ್ಷರಾಳಿಗೆ ಈಗ ಬಂದ ಸಿಟ್ಟು ಮಾರ್ಟಾಳ ಮೇಲಲ್ಲ, ಅಪ್ಪನ ಮೇಲೂ ಅಲ್ಲ.

"ನಿನ್ನ ಕಿವಿ ಸರಿಯಾಗೇ ಇದೆ ಅಜ್ಜಿ. ತಪ್ಪು ಹೇಳ್ಕೊಟ್ಟಿದ್ದು ನಾನು. ಬೇಕು ಅಂತಾನೇ."

ಅಜ್ಜಿ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೆಂಚಿನ ಕಡೆ ತಿರುಗಿಕೊಂಡಳು.

ಮಾರ್ಟಾ ತನ್ನ ರೊಟ್ಟಿಯನ್ನು ಎರಡು ಮಾಡಿ, ಅರ್ಧವನ್ನು ಅಕ್ಷರಾಳ ಖಾಲಿ ತಟ್ಟೆಯ ಮೇಲೆ ಹಿಡಿದಳು.

"ಬೇಕು?" ಎಂದು ಕೇಳಿದಳು.

ಅಕ್ಷರಾ ತಲೆ ಎತ್ತಲಿಲ್ಲ.

"ಬೇಕು, ಅಕ್ಕ," ಎಂದಳು.